ಐದನೆಯ ಶಂಖ

ನಮ್ಮ ಊರಿನಲ್ಲಿ ಎರಡನೆಯ ಮಗು ಹುಟ್ಟುವ ಮೊದಲು ಗಂಡ ಹೆಂಡತಿ ಮೂರು ದಿನ ಕಡಲ ದಡಕ್ಕೆ ಹೋಗಿಬರುತ್ತಾರೆ. ಎಂಟನೇ ತಿಂಗಳು ತುಂಬುವುದರೊಳಗೆ ಹೋಗಬೇಕು, ದೊಡ್ಡ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ನೀರು ಕಾಣುತ್ತದೆ. ಈ ಮೂರು ದಿನಕ್ಕೆ ಕೆಲಸ ಕೊಟ್ಟವರು ಯಾರೂ ತಕರಾರು ಮಾಡುವುದಿಲ್ಲ. ಕಂಡಕ್ಟರು ಹೆಂಗಸಿನ ಹೊಟ್ಟೆ ನೋಡಿ ಮುಂದಿನ ಸೀಟು ಖಾಲಿ ಮಾಡಿಸುತ್ತಾನೆ, ಎಲ್ಲಿಗೆ ಎಂದು ಕೇಳದೆ ಟಿಕೆಟ್ಟು ಹರಿಯುತ್ತಾನೆ.

ಹೊಸ ಮಗು ಹುಟ್ಟಿದ ಗಳಿಗೆಯಿಂದ ತಾಯಿಯ ದನಿ ದೊಡ್ಡ ಮಗುವಿಗೆ ಕೇಳಿಸುವುದಿಲ್ಲ, ಅದಕ್ಕಾಗಿ ಹೋಗುವುದು. ಉಳಿದದ್ದೆಲ್ಲ ಕೇಳಿಸುತ್ತದೆ. ಪಕ್ಕದ ಮನೆಯ ರೇಡಿಯೋ, ಅಪ್ಪನ ಕೆಮ್ಮು, ಅಮ್ಮನ ಬಳೆಯ ಸದ್ದು ಕೂಡ. ಅಮ್ಮನ ಮಾತು ಮಾತ್ರ ಇಲ್ಲ, ಅದು ಇನ್ನು ಚಿಕ್ಕದರದು. ಹಾಲುಹಲ್ಲು ಬಿದ್ದ ಹಾಗೆ, ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ತಾಯಂದಿರು ತಟ್ಟೆಯ ಮೇಲೆ ಸೌಟು ಬಡಿದು ಮಕ್ಕಳನ್ನು ಕರೆಯುತ್ತಾರೆ, ಒಂದೊಂದು ಮನೆಗೆ ಒಂದೊಂದು ಬಡಿತ. ಎದುರು ಮನೆಯ ಗೌರಕ್ಕನಿಗೆ ಐದು ಮಕ್ಕಳು. ಕೊನೆಯವಳು ನಿಂಗಿ ದಿನವಿಡೀ ಅಮ್ಮನ ಮಾತನ್ನು ಅಣ್ಣ ಅಕ್ಕಂದಿರಿಗೆ ದಾಟಿಸಿ ಸಾಕಾಗಿ, ನಡುವೆ ತನ್ನದನ್ನೂ ಒಂದಿಷ್ಟು ಸೇರಿಸುತ್ತಾಳೆ. ನಿನ್ನ ಪಾಲಿನ ಹೋಳಿಗೆ ನಿಂಗಿಗೆ ಕೊಡಬೇಕಂತೆ ಎಂದು ಒಮ್ಮೆ ಹೇಳಿ ಸಿಕ್ಕಿಬಿದ್ದು, ನಾಲ್ವರೂ ಅವಳನ್ನು ಬೀದಿಯುದ್ದ ಅಟ್ಟಿಸಿಕೊಂಡು ಹೋದದ್ದು ನೋಡಿ ನಕ್ಕಿದ್ದೆವು. ಹೆಣ್ಣು ನೋಡಲು ಬಂದವರು ಕೊನೆಯ ಮಗಳೇನಮ್ಮ ಎಂದು ಕೇಳುವುದುಂಟು. ಕೊನೆಯವರಿಗೆ ತಾಳ್ಮೆ ಹೆಚ್ಚು ಎಂದು ಲೆಕ್ಕ.

ನನ್ನ ಗಂಡ ಸದಾನಂದ ಅವರ ಮನೆಗೆ ಹಿರಿಯ ಮಗ. ಮೂರನೇ ವಯಸ್ಸಿಗೆ ತಮ್ಮ ಹುಟ್ಟಿದ ಮೇಲೆ ಅವರು ತಾಯಿಯ ಮಾತು ಕೇಳಿಲ್ಲ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಅವರು ಮಗನಿಗೆ ಹೇಳುವುದನ್ನು ನಾನು ದಾಟಿಸುತ್ತೇನೆ. ಬೈಗುಳದಲ್ಲಿ ಅರ್ಧ ನಾನೇ ನುಂಗುತ್ತೇನೆ, ಅದು ಇಬ್ಬರಿಗೂ ಗೊತ್ತು. ಇವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಸ್ಕ್ರೂಡ್ರೈವರು, ಎಣ್ಣೆಯ ಡಬ್ಬಿ, ಬಾಬಿನ್ನುಗಳ ನಡುವೆ, ಹತ್ತಿಯಲ್ಲಿ ಸುತ್ತಿದ ಒಂದು ಶಂಖ ಅವರ ಪೆಟ್ಟಿಗೆಯಲ್ಲಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಮದುವೆಯಾದ ಹೊಸತರಲ್ಲಿ ಅದರಲ್ಲಿ ಏನಿದೆ ಎಂದು ಕೇಳಿದ್ದೆ. ಅಮ್ಮ ದನಿ ತುಂಬಿಸಿಟ್ಟ ಐದು ಶಂಖಗಳಲ್ಲಿ ಉಳಿದದ್ದು ಇದೊಂದೇ, ಬಾ ಇಲ್ಲಿ, ಮೂಗು ಒರಸ್ಕೊ ಎಂದಿದೆ ಎಂದರು. ಈಗ ಒರಸ್ಕೊ ಎನ್ನುವುದು ಮಾತ್ರ ಕೇಳಿಸುತ್ತದಂತೆ. ನಾನು ನಕ್ಕೆ. ಅವರು ಅದನ್ನು ಮತ್ತೆ ಹತ್ತಿಯಲ್ಲಿ ಸುತ್ತಿಟ್ಟರು.

ಶಂಖಗಳು ದಡದಲ್ಲಿ ಸಿಗುತ್ತವೆ, ನಿಂಬೆಹಣ್ಣಿನಷ್ಟು ದೊಡ್ಡವು. ಬೆಳಿಗ್ಗೆ ನೀರು ಇಳಿದ ಹೊತ್ತಿನಲ್ಲಿ ಬಾಯಿಟ್ಟು ಒಂದು ಉಸಿರಿನಷ್ಟು ಮಾತಾಡಿದರೆ ಒಳಗೆ ಉಳಿಯುತ್ತದೆ. ಆ ತಾಯಿಯ ದೊಡ್ಡ ಮಗುವೊಂದಕ್ಕೇ ಅದು ಕೇಳುವುದು, ಬೇರೆಯವರು ಕಿವಿಗಿಟ್ಟರೆ ಬರೀ ಗಾಳಿ. ಕೇಳಿದಷ್ಟೂ ಸವೆಯುತ್ತದೆ. ಒಬ್ಬ ತಾಯಿಗೆ ಐದು. ಹೆರಿಗೆಗೆ ಮೊದಲೇ ತುಂಬಿಸಬೇಕು. ಹೆತ್ತ ಮೇಲೆ ಎಷ್ಟು ಹೇಳಿದರೂ ಒಳಗೆ ಏನೂ ನಿಲ್ಲುವುದಿಲ್ಲ.

ನಾವು ಹೊರಟಾಗ ಪಾರಿಗೆ ನಾಲ್ಕು ತುಂಬಿತ್ತು. ಪಾರಿಜಾತ ಎಂದು ಹೆಸರು, ಅಷ್ಟುದ್ದ ಯಾರೂ ಕರೆಯುವುದಿಲ್ಲ. ಅವಳಿಗೆ ವಿಷಯ ಹೇಳಿದ್ದೆವು, ಮಕ್ಕಳಿಂದ ಮುಚ್ಚಿಡುವ ಸಂಗತಿ ಅಲ್ಲ ಅದು. ಅಮ್ಮನ ದನಿ ಪಾಪುಗೆ ಕೊಡೋಣವಾ ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿದಳು. ನಾನು ಆಗ ಅವಳಿಗೆ ಒಂದು ಏಡಿಯ ಕಥೆ ಹೇಳುತ್ತಿದ್ದೆ, ಮಧ್ಯಾಹ್ನ ಮಲಗಿಸುವಾಗ, ದಿನಕ್ಕೆ ಇಷ್ಟಿಷ್ಟು. ಎಂಟು ಕಾಲಿಗೂ ಚಪ್ಪಲಿ ಬೇಕೆಂದು ಪೇಟೆಗೆ ಹೊರಟ ಏಡಿ. ಒಂದು ಚಪ್ಪಲಿ ಡಾಕ್ಟರ ಮನೆಯ ಬಾಗಿಲಲ್ಲಿ ಸಿಕ್ಕಿತು, ಒಂದು ಮದುವೆ ಮಂಟಪದ ಹೊರಗೆ, ಹೀಗೆ ಏಳಾಗಿದ್ದವು.

"ಕೊಡು," ಎಂದಳು ಪಾರಿ. "ಆದ್ರೆ ಕಥೆ ಮುಗಿದ್ಮೇಲೆ ಕೊಡು."

ಎಂಟನೇ ಚಪ್ಪಲಿ ಎಲ್ಲಿ ಸಿಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಸೋಮವಾರ ಬಂದು ಹೇಳುತ್ತೇನೆ ಎಂದೆ. ಹೊರಡುವ ದಿನ ಅತ್ತೆ ಬಾಗಿಲಲ್ಲಿ ನಿಂತು, ಒಂದರಲ್ಲಾದರೂ ಬೈಗುಳ ತುಂಬಿಸು, ಬರೀ ಮುದ್ದು ಮಾತು ತುಂಬಿಸಿದರೆ ಮಕ್ಕಳು ನೆಟ್ಟಗಾಗುವುದಿಲ್ಲ ಎಂದರು. ಇವರು ಏನಂತೆ ಎಂದು ಕೇಳಿದರು. ಹುಷಾರಾಗಿ ಹೋಗಿಬನ್ನಿ ಅಂತೆ ಎಂದೆ. ಪಾರಿ ಅಜ್ಜಿಯ ಸೆರಗು ಹಿಡಿದು, "ಅಪ್ಪಾ, ಅಮ್ಮ ಸುಳ್ಳು ಹೇಳ್ತಿದಾಳೆ," ಎಂದು ಕೇಕೆ ಹಾಕಿದಳು. ಆ ನಗು ಬಸ್ ಸ್ಟ್ಯಾಂಡಿನವರೆಗೂ ನಮ್ಮ ಜೊತೆಗೇ ಬಂತು.

ದಡದ ಊರಿನಲ್ಲಿ ನಮ್ಮಂಥವರಿಗೆಂದೇ ಇರುವ ಮನೆಗಳು ಸಾಲಾಗಿವೆ. ಹೊಟ್ಟೆ ಹೊತ್ತ ಹೆಂಗಸರು ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಾರೆ, ಗಂಡಸರು ಏನು ಮಾಡುವುದೆಂದು ತಿಳಿಯದೆ ನೀರಿನ ಕಡೆ ನೋಡುತ್ತಿರುತ್ತಾರೆ. ನಮ್ಮದು ಬೆಳ್ಳಿಯಕ್ಕ ಎಂಬ ಮುದುಕಿಯ ಮನೆ. ಶಂಖ ಆರಿಸಿ ತಂದುಕೊಡುವವಳೂ ಅವಳೇ. ಐದು ಶಂಖವನ್ನು ಒದ್ದೆ ಬಟ್ಟೆಯಲ್ಲಿಟ್ಟು ನನ್ನ ಮಡಿಲಿಗೆ ಹಾಕಿ, ಅವಸರ ಮಾಡಬೇಡ, ಹಾಗಂತ ಬಹಳ ಯೋಚನೇನೂ ಮಾಡಬೇಡ ಎಂದಳು. ಹಿಂದಿನ ವರ್ಷ ಒಬ್ಬಳು ಮೂರು ದಿನವೂ ಯೋಚಿಸುತ್ತ ಕೂತು, ಕಡೆಗೆ ಐದರಲ್ಲೂ ಮಗುವಿನ ಹೆಸರನ್ನಷ್ಟೇ ಕರೆದು ಹೋದಳಂತೆ.

ಶನಿವಾರ ಬೆಳಿಗ್ಗೆ ನಾಲ್ಕು ತುಂಬಿಸಿದೆ. ಮೊದಲನೆಯದರಲ್ಲಿ, ಬಾವಿ ಹತ್ತಿರ ಹೋಗಬೇಡ ಮಗಳೇ, ಬಗ್ಗಿ ನೋಡಬೇಡ. ಎರಡನೆಯದರಲ್ಲಿ, ಸಂಜೆಯಾಯ್ತು, ಆಟ ಸಾಕು, ಮನೆಗೆ ಬಾ. ಮೂರನೆಯದು ಊಟಕ್ಕೆ. ಇವರು ಪಕ್ಕದಲ್ಲಿ ಕೂತು, ಬದನೆಕಾಯಿ ತಿನ್ನು ಎಂದೂ ಸೇರಿಸು, ನಾನು ಹೇಳಿದರೆ ಕೇಳುವುದಿಲ್ಲ ಎಂದರು. ಸೇರಿಸಿದೆ. ನಾಲ್ಕನೆಯದು ಜ್ವರ ಬಂದಾಗ ಕೇಳಲಿಕ್ಕೆ. ಏನೂ ಆಗಲ್ಲ, ಅಮ್ಮ ಇಲ್ಲೇ ಇದೀನಿ, ಕಣ್ಣು ಮುಚ್ಚು. ಅದನ್ನು ಹೇಳುವಾಗ ದನಿ ಒಡೆಯಿತು. ಒಡೆದ ದನಿಯೇ ಒಳಗೆ ಹೋಗಿರಬೇಕು, ಇನ್ನೊಂದು ಸಲ ಹೇಳಲು ಆಗುವುದಿಲ್ಲ.

ಐದನೆಯದಕ್ಕೆ ಏನು ಹೇಳುವುದೆಂದು ತೋಚಲಿಲ್ಲ. ಜೋಗುಳ ಎಂದುಕೊಂಡೆ, ಒಂದು ಉಸಿರಿಗೆ ಒಂದು ಸಾಲೂ ಮುಗಿಯುವುದಿಲ್ಲ. ಅವಳು ದೊಡ್ಡವಳಾದ ಮೇಲೆ ಬೇಕಾಗುವ ಮಾತು ಯಾವುದು? ಹದಿನಾರಕ್ಕೆ, ಮದುವೆಯ ದಿನ, ಅವಳೇ ಈ ದಡಕ್ಕೆ ಬಂದು ಕೂತಾಗ? ಬಾವಿ ಮತ್ತು ಬದನೆಕಾಯಿಗೆ ನಾಲ್ಕು ಖರ್ಚು ಮಾಡಿ ಕೂತಿದ್ದೇನೆ ಎನಿಸಿತು. ನಾಳೆ ತುಂಬಿಸಿದರಾಯಿತು ಎಂದು ಬಟ್ಟೆಯಲ್ಲಿ ಸುತ್ತಿಟ್ಟೆ.

ಭಾನುವಾರ ಎದ್ದಾಗ ನನಗೆ ಪಾರಿಯ ನೆನಪು ತಡೆಯಲಾಗಲಿಲ್ಲ. ಇನ್ನು ಉಳಿದಿರುವುದು ಒಂದು ತಿಂಗಳು, ಅದರಲ್ಲಿ ಒಂದು ದಿನವನ್ನು ನೀರು ನೋಡುತ್ತ ಏಕೆ ಕಳೆಯಬೇಕು, ಐದನೆಯದನ್ನು ಏನೋ ಒಂದು ಹೇಳಿ ಮುಗಿಸುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡೋಣ ಎಂದು ಇವರಿಗೆ ಹೇಳಿದೆ. ಇವರು ಜಗಲಿಯ ಕಂಬಕ್ಕೆ ಕಟ್ಟಿದ್ದ ಹಗ್ಗದ ಗಂಟು ಬಿಚ್ಚುತ್ತ, ಮತ್ತೆ ಹಾಕುತ್ತ ಇದ್ದರು.

"ಕುಮುದಾ, ನಾಳೆ ಹೋಗೋಣ," ಎಂದರು ಕಡೆಗೆ. "ಪಾರಿ ಹುಟ್ಟಿದ್ಮೇಲೆ ನೀನು ನನ್ನ ಪಕ್ಕ ಹೀಗೆ ಸುಮ್ನೆ ಕೂತಿದ್ದು ಯಾವಾಗ ಹೇಳು. ಇನ್ನೊಂದು ಬಂದ್ರೆ ಮತ್ತೆ ಐದು ವರ್ಷ ಇಲ್ಲ. ಇವತ್ತೊಂದು ದಿನ ಇರೋಣ."

ಅವರು ಏನನ್ನೂ ಕೇಳುವವರಲ್ಲ. ತಟ್ಟೆಗೆ ಉಪ್ಪು ಬೇಕಿದ್ದರೂ ಎದ್ದು ಹೋಗಿ ತಾವೇ ತೆಗೆದುಕೊಳ್ಳುತ್ತಾರೆ. ಇರೋಣ ಎಂದೆ.

ಆ ಭಾನುವಾರ ಚೆನ್ನಾಗಿತ್ತು. ಇದನ್ನು ಬರೆಯಲೇಬೇಕು, ಏಕೆಂದರೆ ಆಮೇಲೆ ನಾವಿಬ್ಬರೂ ಆ ದಿನದ ಮಾತು ಎತ್ತಿಲ್ಲ. ಬೆಳ್ಳಿಯಕ್ಕ ಹುರಿದ ಬಂಗಡೆ ಬಡಿಸಿದಳು, ಇವರು ಮುಳ್ಳು ಬಿಡಿಸಿ ಬಿಡಿಸಿ ನನ್ನ ಎಲೆಗೆ ಹಾಕಿದರು. ನೀರು ಪಾದಕ್ಕೆ ತಾಗುವಲ್ಲಿ ಕೂತೆವು. ಮರಳಲ್ಲಿ ನನ್ನ ಊದಿದ ಪಾದದ ಗುರುತು ನೋಡಿ, ಇದು ಆನೆಯದಾ ಎಂದು ಇವರು ಕೇಳಿದರು, ನಾನು ಮರಳು ಎರಚಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಒದೆಯುವುದನ್ನು ಬಹಳ ಹೊತ್ತು ನೋಡಿದರು. ನಿಮ್ಮಮ್ಮನ ದನಿ ನನಗೂ ಒಂದು ಚೂರು ಉಳಿಸಿ ಕೊಡೋ ಮಾರಾಯ ಎಂದು ಹೊಟ್ಟೆಗೆ ಹೇಳಿದರು. ಎಂಟನೇ ಚಪ್ಪಲಿ ಏಡಿಗೆ ಎಲ್ಲಿ ಸಿಗಬಹುದು ಎಂದು ಕೇಳಿದ್ದಕ್ಕೆ, ಸಿಗದಿದ್ದರೆ ನಾನು ಹೊಲಿದುಕೊಡುತ್ತೇನೆ, ಯಂತ್ರ ಇದೆಯಲ್ಲ ಎಂದರು. ಅದೇ ಸರಿ ಎನಿಸಿತು. ಏಡಿ ಕೊನೆಗೆ ನಮ್ಮ ಮನೆಗೇ ಬರುವುದು, ಅಪ್ಪ ಅದಕ್ಕೆ ಚಪ್ಪಲಿ ಹೊಲಿಯುವುದು. ಪಾರಿ ಎದ್ದು ಕುಣಿಯುತ್ತಾಳೆ ಎಂದುಕೊಂಡೆ. ಐದನೆಯ ಶಂಖಕ್ಕೂ ಮಾತು ಸಿಕ್ಕಿತ್ತು, ಆದರೆ ನೀರು ಏರಿಬಿಟ್ಟಿತ್ತು. ನಾಳೆ ಬೆಳಿಗ್ಗೆ ತುಂಬಿಸಿ ಬಸ್ಸು ಹತ್ತುವುದು ಎಂದು ಮಾತಾಯಿತು.

ಸೋಮವಾರ ಬೆಳಿಗ್ಗೆ ಶಂಖ ಹಿಡಿದು ಮೆಟ್ಟಿಲು ಇಳಿಯುವಾಗ ಸೊಂಟದಲ್ಲಿ ನೋವು ಕಾಣಿಸಿತು. ಕೂತೆ. ಮತ್ತೆ ಎದ್ದಾಗ ಕಾಲು ಒದ್ದೆಯಾಗಿತ್ತು. ಬೆಳ್ಳಿಯಕ್ಕ ಒಮ್ಮೆ ನೋಡಿ ಆಟೋ ಕರೆಯಲು ಓಡಿದಳು. ಎಂಟನೇ ತಿಂಗಳು ಇನ್ನೂ ತುಂಬಿರಲಿಲ್ಲ.

ಆಸ್ಪತ್ರೆಯ ದಾರಿ ಉದ್ದಕ್ಕೂ ಕಡಲ ಪಕ್ಕದಲ್ಲೇ. ನೀರು ಇನ್ನೂ ಇಳಿದೇ ಇತ್ತು. ಆಟೋ ಒಂದೊಂದು ಗುಂಡಿಗೆ ಬಿದ್ದಾಗಲೂ ನಾನು ಇವರ ಮಣಿಕಟ್ಟು ಹಿಡಿದು ಹಲ್ಲು ಕಚ್ಚುತ್ತಿದ್ದೆ. ಇವರ ಇನ್ನೊಂದು ಕೈಯಲ್ಲಿ ಶಂಖವಿತ್ತು. ಅದನ್ನು ನನ್ನ ಬಾಯಿಯ ಹತ್ತಿರ ತಂದರು.

"ಹೇಳು. ಪಾರಿಗೆ ಏನಾದ್ರೂ ಹೇಳ್ಬಿಡು. ಆಮೇಲೆ ಆಗಲ್ಲ. ಕುಮುದಾ, ಹೇಳು."

ಏಡಿ ನಮ್ಮ ಮನೆಗೆ ಬಂತು ಎಂದು ಹೇಳಬೇಕಿತ್ತು. ಉಸಿರು ಎಳೆದುಕೊಂಡೆ. ಆ ಹೊತ್ತಿಗೇ ನೋವು ಬಂತು. ಬಾಯಿಂದ ಏನು ಹೊರಟಿತೋ ನನಗೆ ತಿಳಿಯಲಿಲ್ಲ. ಇವರು ಶಂಖವನ್ನು ಅಂಗೈಯಿಂದ ಮುಚ್ಚಿ ಜೇಬಿಗೆ ಹಾಕಿಕೊಂಡರು.

ಹನ್ನೊಂದು ಗಂಟೆಯ ಹೊತ್ತಿಗೆ ಮಗು ಹುಟ್ಟಿತು. ಗಂಡು. ಅತ್ತಿತು, ಸಣ್ಣಗೆ, ಬೆಕ್ಕಿನ ಮರಿಯ ಹಾಗೆ. ಅದನ್ನು ಒರೆಸಿ ನನ್ನ ಪಕ್ಕ ಮಲಗಿಸಿದ ನರ್ಸು ನನ್ನ ಮುಖ ನೋಡಲಿಲ್ಲ, ಅದರಲ್ಲೇ ತಿಳಿಯಿತು. ಎಷ್ಟು ಹೊತ್ತು ಎಂದು ಕೇಳಿದೆ. ಮಾತಾಡಿಸಿ, ಅವನಿಗೆ ಕೇಳುತ್ತೆ ಎಂದಳು. ಮಾತಾಡಿಸಿದೆ. ಬೇರೆ ಏನು ಹೇಳುವುದೆಂದು ತೋಚದೆ ಅವನಿಗೆ ಏಡಿಯ ಕಥೆ ಹೇಳಿದೆ. ದನಿ ಬಂದ ಕಡೆಗೆ ಅವನು ಮುಖ ತಿರುಗಿಸುತ್ತಿದ್ದ. ಮೊದಲನೇ ಚಪ್ಪಲಿ, ಎರಡನೇ ಚಪ್ಪಲಿ. ಇವರು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು. ಏಳನೆಯದಕ್ಕೆ ಬಂದಾಗ ನಾನು ನಿಧಾನ ಮಾಡಿದೆ. ಮುಗಿಸಿಬಿಟ್ಟರೆ ಹೋಗಿಬಿಡುತ್ತಾನೇನೋ ಎನಿಸಿ ಮತ್ತೆ ಮೊದಲಿಂದ ಶುರು ಮಾಡಿದೆ. ಎರಡನೇ ಸಲ ಐದನೇ ಚಪ್ಪಲಿಯವರೆಗೆ ಬಂದಿದ್ದೆ. ಗಂಟೆ ನಾಲ್ಕು ಆಗಿರಲಿಲ್ಲ.

ಚಿಕ್ಕದು ಉಳಿಯದಿದ್ದರೂ, ಹೋದ ದನಿ ದೊಡ್ಡದಕ್ಕೆ ಹಿಂದಕ್ಕೆ ಬರುವುದಿಲ್ಲ. ನಮ್ಮೂರಲ್ಲಿ ಇನ್ನೂ ಇಬ್ಬರಿಗೆ ಹೀಗಾಗಿದೆ. ಹಿಟ್ಟಿನ ಗಿರಣಿಯ ಸರಸಕ್ಕ ಅವರಲ್ಲೊಬ್ಬಳು. ಬೀದಿಯವರೊಂದಿಗೆಲ್ಲ ಹರಟುತ್ತಾಳೆ, ಮಗ ಬಂದರೆ ಬಾಯಿ ಮುಚ್ಚುತ್ತಾಳೆ. ಅವಳು ಸ್ವಭಾವದಿಂದ ಹಾಗೆ ಎಂದು ನಾನು ತಿಳಿದಿದ್ದೆ. ನನಗೆ ಇನ್ನು ಮಗು ಬೇಡ, ಜೀವಕ್ಕೆ ಅಪಾಯ ಎಂದು ಡಾಕ್ಟರು ಇವರನ್ನು ಹೊರಗೆ ಕರೆದು ಹೇಳಿದರು.

ಹತ್ತು ದಿನದ ಮೇಲೆ ಮನೆಗೆ ಬಂದೆವು. ಗೇಟಿನಿಂದ ನೋಡಿದೆ. ಪಾರಿ ನಮಗೆ ಬೆನ್ನು ಹಾಕಿ ಜಗಲಿಯ ಮೇಲೆ ಕೂತು ಹುಣಸೆ ಬೀಜ ಜೋಡಿಸುತ್ತಿದ್ದಳು. ಎರಡು ಜಡೆಗೂ ಬೇರೆ ಬೇರೆ ಬಣ್ಣದ ರಿಬ್ಬನ್ನು, ಅತ್ತೆಗೆ ಒಂದೇ ಬಣ್ಣದ ಜೋಡಿ ಸಿಕ್ಕಿರಲಿಕ್ಕಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಕರೆದೆ.

"ಪಾರೀ."

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. ಎದುರು ಮನೆಯ ನಿಂಗಿ ತಿರುಗಿ ನೋಡಿದಳು. ಪಾರಿ ಒಂದು ಬೀಜ ತೆಗೆದು ಇನ್ನೊಂದರ ಪಕ್ಕ ಇಟ್ಟಳು. ಆಮೇಲೆ ಅಪ್ಪನ ಚಪ್ಪಲಿಯ ಸದ್ದು ಕೇಳಿ ತಿರುಗಿ, ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಹೊಟ್ಟೆ ಇಲ್ಲದ್ದನ್ನು ನೋಡಿ ಪಾಪು ಎಲ್ಲಿ ಎಂದಳು. ನನ್ನ ಬಾಯಿ ನೋಡುತ್ತ ಉತ್ತರಕ್ಕೆ ಕಾದಳು. ಅತ್ತೆ ಹೇಳಿದರು, ಪಾಪು ಬರಲಿಲ್ಲ ಪುಟ್ಟಿ. ಅವಳು ಅದನ್ನು ಕೇಳಿ, ನನ್ನ ಕಡೆ ತಿರುಗಿ, ಹಾಗಾದರೆ ಕಥೆ ಹೇಳು ಎಂದಳು. ಕೊಡಲಿಕ್ಕೆ ಪಾಪುವೇ ಇಲ್ಲದಿದ್ದರೆ ದನಿ ಇನ್ನೂ ಇಲ್ಲೇ ಇರಬೇಕು ಎಂದು ಅವಳ ಲೆಕ್ಕ. ಅದರಲ್ಲಿ ತಪ್ಪೇನಿದೆ. ನಾನು ಹೇಳಿದೆ, ಪೂರ್ತಿ, ಏಡಿ ನಮ್ಮ ಮನೆಗೆ ಬಂದದ್ದು, ಅಪ್ಪ ಚಪ್ಪಲಿ ಹೊಲಿದದ್ದು. ಅವಳು ನನ್ನ ತುಟಿ ಅಲ್ಲಾಡುವುದನ್ನೇ ನೋಡಿದಳು. ಅಮ್ಮ ಬಾಯಿ ಬಾಯಿ ಮಾಡ್ತಿದಾಳೆ ಅಜ್ಜೀ ಎಂದು ನಕ್ಕಳು. ಇವರು ಎದ್ದು ಬಾವಿಯ ಕಟ್ಟೆಗೆ ಹೋದರು, ರಾಟೆಗೆ ಎಣ್ಣೆ ಹಾಕುತ್ತ ಬಹಳ ಹೊತ್ತು ಅಲ್ಲೇ ಇದ್ದರು.

ಕಥೆಯ ಕೊನೆಯನ್ನು ಅತ್ತೆಯ ಬಾಯಿಂದ ದಾಟಿಸಲು ನೋಡಿದೆ. ಪಾರಿ ಕಿವಿ ಮುಚ್ಚಿಕೊಂಡಳು. ಅದು ಅಮ್ಮನ ಕಥೆ, ನೀನು ಹೇಳಬೇಡ ಎಂದಳು.

ಶಂಖಗಳನ್ನು ಒಂದೊಂದಾಗಿ ಕೊಟ್ಟೆವು. ಬಾವಿಯದನ್ನು ಕೇಳಿ ತಲೆಯಾಡಿಸಿದಳು. ಬದನೆಕಾಯಿಯದನ್ನು ಕೇಳಿ ಮುಖ ಸಿಂಡರಿಸಿದಳು. ಜ್ವರದ್ದನ್ನು ಜ್ವರವಿಲ್ಲದೆಯೂ ಕೇಳುತ್ತಾಳೆಂದು ಇವರು ಬೀರುವಿನ ಮೇಲೆ ಎತ್ತಿಟ್ಟರು. ಐದನೆಯದನ್ನು ನಾವು ಬಚ್ಚಿಟ್ಟಿದ್ದೆವು. ಅದರೊಳಗೆ ಏನಿದೆಯೆಂದು ನಮಗೆ ಗೊತ್ತಿರಲಿಲ್ಲ, ಏನೂ ಇಲ್ಲದೆಯೂ ಇರಬಹುದು. ಅದು ರಿಪೇರಿ ಪೆಟ್ಟಿಗೆಯಲ್ಲಿ, ಒರಸ್ಕೊ ಶಂಖದ ಪಕ್ಕದಲ್ಲಿತ್ತು. ಒಂದು ದಿನ ಪಾರಿ ಬಾಬಿನ್ನು ಹುಡುಕುತ್ತ ಅದನ್ನು ತೆಗೆದು ಕಿವಿಗಿಟ್ಟುಕೊಂಡಳು. ನಾನು ಒಲೆಯ ಮುಂದೆ ಇದ್ದೆ, ಅತ್ತೆ ಪಕ್ಕದಲ್ಲಿ ಕೂತಿದ್ದರು. ಅವಳು ಮೆಲ್ಲಗೆ ನಡೆದು ಬಂದಳು, ತುಂಬಿದ ಲೋಟ ಹಿಡಿದು ಬರುವ ಹಾಗೆ.

"ಅಜ್ಜೀ, ಪಾಪು ಇದ್ರಲ್ಲಿದೆ," ಎಂದಳು. "ಅಮ್ಮಾ ಅಂತ ಕೂಗ್ತಿದೆ. ಜೋರಾಗಿ ಅಳ್ತಿದೆ."

ಅತ್ತೆ ನನ್ನನ್ನು ನೋಡಿದರು. ಹೆರುವ ಹೆಂಗಸು ಯಾರನ್ನು ಕರೆಯುತ್ತಾಳೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಸತ್ತು ಹನ್ನೆರಡು ವರ್ಷವಾದ ನನ್ನ ಅಮ್ಮನನ್ನು ನಾನು ಆಟೋದಲ್ಲಿ ಕೂಗಿದ್ದೆ. ಅಷ್ಟು ಕೂಗಿದ್ದು ನನಗೇ ನೆನಪಿರಲಿಲ್ಲ. ಅತ್ತೆ ಹೇಳಲೆಂದು ಬಾಯಿ ತೆರೆದರು. ಬೇಡ ಎಂದು ತಲೆಯಾಡಿಸಿದೆ.

ಇದು ನಡೆದು ಎರಡು ವರ್ಷವಾಯಿತು. ಪಾರಿ ಒಂದನೇ ಕ್ಲಾಸಿಗೆ ಹೋಗುತ್ತಾಳೆ. ನಾನು ತಟ್ಟೆಗೆ ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ ಬಡಿದರೆ ಎಲ್ಲಿದ್ದರೂ ಓಡಿ ಬರುತ್ತಾಳೆ. ಬಾವಿಯ ಶಂಖ, ಊಟದ ಶಂಖ ಮೂಲೆಯಲ್ಲಿ ಬಿದ್ದಿವೆ, ಹೊಸತರ ಹಾಗೇ ಗಟ್ಟಿಯಾಗಿವೆ. ಐದನೆಯದಕ್ಕೆ ಅವಳು ನನ್ನ ಹಳೆಯ ರವಿಕೆಯ ಬಟ್ಟೆಯಲ್ಲಿ ಕುಲಾವಿ ಮಾಡಿಸಿಕೊಂಡಿದ್ದಾಳೆ, ಅದನ್ನು ಅವಳಪ್ಪನೇ ಯಂತ್ರದಲ್ಲಿ ಹೊಲಿದುಕೊಟ್ಟರು. ಹೊಲಿಯುವಾಗ ದಾರ ನಾಲ್ಕು ಸಲ ತುಂಡಾಯಿತು. ಆ ಭಾನುವಾರ ಇರೋಣ ಎಂದದ್ದಕ್ಕೆ ನಾನು ಅವರನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ಇವತ್ತು ಮಧ್ಯಾಹ್ನ ಶಾಲೆಯಿಂದ ಬಂದವಳು ಶಂಖವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತಿದ್ದಳು. ನಾನು ಹಪ್ಪಳ ಒಣಹಾಕುತ್ತ ಕೇಳಿದೆ. ಎಂಟನೇ ಚಪ್ಪಲಿ ಸಿಗಲಿಲ್ಲವಂತೆ. ಏಡಿ ಏಳು ಕಾಲಿಗೆ ಹಾಕಿಕೊಂಡು ಎಂಟನೆಯದನ್ನು ಎತ್ತಿಕೊಂಡೇ ನಡೆಯಿತಂತೆ. ನೋವಾದರೂ ಪರವಾಗಿಲ್ಲ, ನೀನು ಅಳಬೇಡ, ನಾನು ಇದ್ದೀನಲ್ಲ ಎಂದು ಶಂಖವನ್ನು ತಟ್ಟಿದಳು. ಆಮೇಲೆ ಕಿವಿಗಿಟ್ಟುಕೊಂಡು ಕೇಳಿದಳು. ಹುಬ್ಬು ಗಂಟಿಕ್ಕಿತು. ಎದ್ದು ಬಂದು ಸ್ಲೇಟನ್ನು ನನ್ನ ಮುಂದೆ ಹಿಡಿದಳು. ಈಗ ಅವಳಿಗೆ ಓದಲು ಬರುತ್ತದೆ, ನಾನು ಬರೆದು ಮಾತಾಡುತ್ತೇನೆ.

"ಅಮ್ಮಾ, ಪಾಪು ಯಾಕೆ ಈಗೀಗ ಸಣ್ಣಕ್ಕೆ ಕೂಗುತ್ತೆ? ಮೊದ್ಲು ಜೋರಾಗಿ ಕೂಗ್ತಿತ್ತು."

ಶಂಖವನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಬೆರಳಿನ ನೆರಳು ಆಚೆಯಿಂದ ಕಾಣುತ್ತಿತ್ತು. ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ. ಅದು ನಾನು ಎಂದು ಬರೆಯಬಹುದಿತ್ತು, ಎರಡೇ ಪದ, ಅವಳು ತಕ್ಷಣ ಓದುತ್ತಿದ್ದಳು. ಬಳಪ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದೆ.

ಅವಳು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು.

"ಪಾಪುಗೆ ನಿದ್ದೆ ಬರ್ತಿದೆ."

ಹೌದಾ ಎನ್ನುವ ಹಾಗೆ ನನ್ನ ಮುಖ ನೋಡಿದಳು. ಹೂಂ ಎಂದು ತಲೆಯಾಡಿಸಿದೆ. ಅವಳು ಕುಲಾವಿಯನ್ನು ಶಂಖದ ಮೇಲೆ ಸರಿಯಾಗಿ ಎಳೆದು, ಸದ್ದಾಗದ ಹಾಗೆ ತುದಿಗಾಲಲ್ಲಿ ಒಳಗೆ ಹೋದಳು.